ಸುಕ್ಕಿಲ್ಲದ ಕೋಟಿನ ಹಾಡು

ಈ ಕಾಗದಗಳ ಕಥೆಯನ್ನು ಮೊದಲು ಹೇಳಿದವರು ಬ್ಯಾಂಡ್ ಮೇಷ್ಟ್ರ ಹೆಂಡತಿ. ಯುದ್ಧ ನಿಂತ ಮೇಲಿನ ಮೊದಲ ಬೇಸಿಗೆಯಲ್ಲಿ, ನಮ್ಮ ಬೀದಿಯ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತು ಹೇಳಿದರು. ನೀರು ದಾರದಷ್ಟು ಸಣ್ಣಗೆ ಬರುತ್ತಿದ್ದ ಕಾಲ ಅದು. ಒಂದು ಬಕೆಟ್ ತುಂಬುವಷ್ಟರಲ್ಲಿ ಒಂದು ಕಾಗದ ಓದಿ ಮುಗಿಯುತ್ತಿತ್ತು. ಕೈಚೀಲದಿಂದ ಒಂದೊಂದನ್ನೇ ತೆಗೆದು, ಮಗಳದನ್ನು ಮಗಳ ಹಾಗೆ, ಗಂಡನದನ್ನು ಗಂಡನ ಹಾಗೆ ಗಂಟಲು ಕೆರೆದುಕೊಂಡು ಓದುತ್ತಿದ್ದರು. ಸರದಿ ಬಂದವರು "ನೀವೇ ಮೊದಲು ಹಿಡೀರಿ" ಎಂದು ಹಿಂದಿನವರಿಗೆ ಜಾಗ ಬಿಡುತ್ತಿದ್ದರು ಅಂದರೆ ನೋಡಿ. ಆ ಮನೆಯಲ್ಲಿ ನಾಲ್ಕೇ ಜನ: ಊರಿನ ಹಿತ್ತಾಳೆ ಬ್ಯಾಂಡಿಗೆ ಮೇಷ್ಟ್ರಾಗಿದ್ದ ಅಪ್ಪ, ಅಮ್ಮ, ಅಪ್ಪನೊಡನೆ ಜಗಳವಾಡಿ ರಾಜಧಾನಿಗೆ ಹೊರಟುಹೋಗಿದ್ದ ಮಗಳು, ಇನ್ನೂ ಹದಿನೆಂಟು ತುಂಬದ ಮಗ. ಮೊದಲ ಕಾಗದ ಬರೆದಾಗ ಯುದ್ಧಕ್ಕೆ ಮೂರು ವರ್ಷವಾಗಿತ್ತು. ಕೇಳಿದ್ದನ್ನು ಕೇಳಿದ ಹಾಗೆ ಇಡುತ್ತೇನೆ.

*

ಮಾರ್ಚ್ 4

ಮಗಳಿಗೆ ಆಶೀರ್ವಾದ.

ನಾನಾಗಿ ಮೊದಲು ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ. ನೀನೂ ಹಿಡಿದೆ. ಎರಡು ವರ್ಷ ಸಾಕು. ದಳಪತಿಗಳು ಊರಿಗೆ ಬಂದ ದಿನ ಸಾಲಿನ ಮಧ್ಯೆ ನಿಂತು, ಬಾಯಿಂದ ಕಹಳೆ ತೆಗೆದು ನಕ್ಕವಳು ನೀನು. ಬ್ಯಾಂಡಿನಲ್ಲಿ ನಗುವವರಿಗೆ ಜಾಗವಿಲ್ಲ ಎಂದವನು ನಾನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಆದರೆ ಸಂಗೀತದ ಒಂದು ವಿಷಯ ಹೇಳಿಕೊಳ್ಳಬೇಕಾಗಿದೆ, ನಿನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ನಿನ್ನಮ್ಮನಿಗೆ ಹೇಳಿದರೆ "ಹೂಂ" ಅನ್ನುತ್ತಾಳೆ, ಪಾತ್ರೆ ತೊಳೆಯಲು ಹೋಗುತ್ತಾಳೆ.

ಸೈನ್ಯ ಭರ್ತಿಯ ಕಚೇರಿಯಿಂದ ಒಂದು ಹಾಡಿನ ಹಾಳೆ ಬಂದಿದೆ. ಎರಡೇ ಪದ್ಯ. ಬರೆದವರ ಹೆಸರಿಲ್ಲ. ಎಲ್ಲ ಊರಿನ ಬ್ಯಾಂಡೂ ಬಾರಿಸಬೇಕೆಂದು ಅಪ್ಪಣೆ. ಕೇಳು:

ನಮ್ಮ ದಳಪತಿಗಳ ಕೋಟು ನೋಡಿರೋ
ಏನು ಗರಿ, ಏನು ಮಿಂಚು!
ಮೂರು ವರ್ಷ ಕಾದಿ ಬಂದರು
ಸುಕ್ಕಿಲ್ಲವಲ್ಲ ಒಂದಿಂಚು!

ಇಂಥವರು ನಮ್ಮ ಮುಂದಿರುವಾಗ
ಹೆದರಿಕೆ ಯಾಕೋ ತಮ್ಮಯ್ಯ?
ನಕ್ಷೆಯ ಮೇಲೆ ಬೆರಳನಿಟ್ಟರೆ
ಬೆಟ್ಟವೇ ದಾರಿ ಬಿಟ್ಟೀತಯ್ಯ!

ಎಷ್ಟು ಸರಳ, ಎಷ್ಟು ಬೇಗ ನಾಲಿಗೆಗೆ ಹತ್ತುತ್ತದೆ ನೋಡು. ಆದರೆ ಬರೆದವನಿಗೆ ಬ್ಯಾಂಡಿನ ಅನುಭವ ಸಾಲದು. ಹೆಣದ ಹಿಂದೆ ನಡೆಯುವಷ್ಟು ನಿಧಾನ ಇಟ್ಟಿದ್ದಾನೆ. ಅದೂ ಅಲ್ಲದೆ ಪ್ರತಿ ಪದ್ಯದ ಕೊನೆಯ ಸಾಲಿಗೆ ಮುಂಚೆ ಎರಡು ಎಣಿಕೆ ಖಾಲಿ ಬಿಟ್ಟಿದ್ದಾನೆ. ಪೂರ್ತಿ ಖಾಲಿ! ಕಹಳೆಯೂ ಇಲ್ಲ, ತಮಟೆಯೂ ಇಲ್ಲ. ನಾನು ವೇಗ ಒಂದೂವರೆ ಪಟ್ಟು ಮಾಡಿದೆ. ಆ ಖಾಲಿಗೆ ನಮ್ಮ ದಪ್ಪಣ್ಣನ ದೊಡ್ಡ ಡ್ರಮ್ಮಿನಿಂದ ಎರಡು ಏಟು ಕೊಡಿಸಿದೆ. ಹಾಡಿಗೆ ಕಾಲು ಬಂತು. ಚೌಕದಲ್ಲಿ ಬಾರಿಸಿದ ಮೊದಲ ಸಂಜೆಯೇ ಒಂಬತ್ತು ಹುಡುಗರು ಹೆಸರು ಕೊಟ್ಟರು. ಭರ್ತಿ ಅಧಿಕಾರಿ ಇಳಿದು ಬಂದು ನನ್ನ ಕೈ ಕುಲುಕಿದರು.

ನೀನು ರಾಜಧಾನಿಯಲ್ಲಿದ್ದೀಯ. ಈ ಹಾಡು ಕಟ್ಟಿದವನು ಯಾರೆಂದು ವಿಚಾರಿಸು. ನಾನು ತಿದ್ದಿದ್ದನ್ನು ಅವನಿಗೆ ಬರೆದು ಕಳಿಸಬೇಕು.

ಇತಿ,
ನಿನ್ನ ಅಪ್ಪ

ಅಪ್ಪ ಕಾಗದ ಮಡಿಸುವ ಮುಂಚೆ ಕಿತ್ತುಕೊಂಡು ಎರಡು ಸಾಲು ಬರೆಯುತ್ತಿದ್ದೇನೆ. ಊಟ ಸರಿಯಾಗಿ ಮಾಡು. ನಿನ್ನ ತಮ್ಮನಿಗೆ ಮೂರು ಹೊತ್ತೂ ಇದೇ ಹಾಡು. ಮುಂದಿನ ತಿಂಗಳು ಅವನಿಗೆ ಹದಿನೆಂಟು. — ಅಮ್ಮ

*

ಮಾರ್ಚ್ 16

ಅಪ್ಪನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಅಂಚು ಹರಿದು, "ನೋಡಲಾಗಿದೆ" ಎಂಬ ನೀಲಿ ಮುದ್ರೆ ಹೊತ್ತು ಬಂತು. ನಮ್ಮ ಮನೆಯ ಕ್ಷೇಮಸಮಾಚಾರದಲ್ಲಿ ಇಷ್ಟು ಆಸಕ್ತಿ ತೋರಿಸುವವರಿಗೆ ನನ್ನ ನಮಸ್ಕಾರ ಸಲ್ಲಲಿ.

ನಾನು ಚೆನ್ನಾಗಿದ್ದೇನೆ. ಸೈನ್ಯದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತೇನೆ. ನಾವು ಹದಿನಾಲ್ಕು ಹೆಂಗಸರು. ಕೋಟುಗಳು ಎರಡು ಬಾಗಿಲಿನಿಂದ ಬರುತ್ತವೆ. ಹಿಂದಿನ ಬಾಗಿಲಿನಿಂದ ಬರುವವನ್ನು ದಾದಿಯರು ಮೈಮೇಲೇ ಕತ್ತರಿಸಿ ತೆಗೆದಿರುತ್ತಾರೆ. ಅವುಗಳಿಗೆ ಇಸ್ತ್ರಿ ಬೇಕಾಗುವುದಿಲ್ಲ. ಮುಂದಿನ ಬಾಗಿಲಿನಿಂದ ಬರುವವು ಮುಖ್ಯ ಕಚೇರಿಯವು. ಅವುಗಳಿಗೂ ಬೇಕಾಗುವುದಿಲ್ಲ, ಆದರೂ ಮಾಡುತ್ತೇವೆ.

ನೀವು ಹೇಳಿದ ಹಾಡನ್ನು ನಮ್ಮ ಕೋಣೆಯಲ್ಲೂ ಹಾಡುತ್ತಾರೆ. ತೀರಾ ನಿಧಾನವಾಗಿ, ಮುಖ ಗಂಭೀರವಾಗಿಟ್ಟುಕೊಂಡು. ಆ ಎರಡೆಣಿಕೆ ಬಂದಾಗ ಎಲ್ಲರೂ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನಿಲ್ಲುತ್ತಾರೆ. ಕಟ್ಟಿದವರು ಅದನ್ನು ಮರೆತು ಬಿಟ್ಟದ್ದಲ್ಲ ಅಪ್ಪ. ದಯವಿಟ್ಟು ಡ್ರಮ್ಮಿನ ಏಟು ತೆಗೆಯಿರಿ. ಹೆಸರು ಹುಡುಕಲು ಮಾತ್ರ ನನಗೆ ಹೇಳಬೇಡಿ. ಹೆಸರಿಲ್ಲದ ಹಾಡು ಹೆಚ್ಚು ದೂರ ಹೋಗುತ್ತದೆ.

ತಮ್ಮನಿಗೆ ಹೇಳಿ, ಅಕ್ಕನಿಗೆ ಒಂದು ಕಾಗದ ಬರೆಯಬೇಕಂತೆ ಎಂದು. ಬೇಗ.

ಇತಿ,
ನಿಮ್ಮ ಮಗಳು

*

ಮಾರ್ಚ್ 25

ಮಗಳಿಗೆ ಆಶೀರ್ವಾದ.

ಇಸ್ತ್ರಿ ಕೋಣೆಯಲ್ಲಿ ಹೇಗೆ ಹಾಡುತ್ತಾರೋ ನನಗೆ ಗೊತ್ತಿಲ್ಲ. ಚೌಕದಲ್ಲಿ ಹೇಗೆ ಬಾರಿಸಬೇಕೆಂದು ಮೂವತ್ತು ವರ್ಷದಿಂದ ಗೊತ್ತು. ಬ್ಯಾಂಡು ಎರಡು ಎಣಿಕೆ ಸುಮ್ಮನಾದರೆ ಯಾರೋ ಮರೆತಿದ್ದಾರೆ ಎಂದುಕೊಳ್ಳುತ್ತಾರೆ ಜನ. ನನ್ನ ಬ್ಯಾಂಡಿನಲ್ಲಿ ಯಾರೂ ಮರೆಯುವುದಿಲ್ಲ.

ನಿನ್ನ ತಮ್ಮನಿಗೆ ಹೇಳಿದೆ. "ಬರೀತೀನಿ" ಅಂದ.

ಇತಿ,
ನಿನ್ನ ಅಪ್ಪ

*

ಏಪ್ರಿಲ್ 19

ಮಗಳೇ,

ನಿನ್ನ ತಮ್ಮ ಹೆಸರು ಕೊಟ್ಟು ಬಂದ.

ಹನ್ನೆರಡನೇ ತಾರೀಕಿಗೆ ಹದಿನೆಂಟು ತುಂಬಿತು, ಹದಿಮೂರಕ್ಕೆ ಹೋದ. ಮಧ್ಯಾಹ್ನ ಬಂದು ಕೈಯೂ ತೊಳೆಯದೆ ಊಟಕ್ಕೆ ಕೂತ. "ಅಮ್ಮಾ, ಇನ್ನೊಂಚೂರು ಬಡಿಸು" ಅಂದ. ಬಡಿಸಿದೆ. "ಮೇ ಒಂಬತ್ತಕ್ಕೆ ರೈಲಂತೆ" ಅಂದ. ಯಾರದೋ ನೆಂಟರು ಬರುವ ರೈಲು ಅಂದುಕೊಂಡೆ ನಾನು, ಪೆದ್ದಿ.

ನಿಮ್ಮಪ್ಪ ಎದ್ದು ಹೋಗಿ ಅವನ ಬೆನ್ನು ತಟ್ಟಿದರು. ತಟ್ಟಿದ ಕೈ ಅಲ್ಲೇ ನಿಂತುಬಿಟ್ಟಿತು. ಆಮೇಲೆ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಅದನ್ನು ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಮನೆಯಲ್ಲಿ ಒಂದು ಸಲವೂ ಆ ಹಾಡು ಊದಿಲ್ಲ. ಚೌಕದಲ್ಲಿ ಮಾತ್ರ, ಅಪ್ಪಣೆ ಬಂದಾಗ.

ಒಂದು ದಾರಿ ಇದೆಯಂತೆ. ಒಂಬತ್ತರ ಬೆಳಿಗ್ಗೆ ಭರ್ತಿ ಕಚೇರಿಯ ಅಂಗಳದಲ್ಲಿ ಹೆಸರು ಕೂಗಿ ಸಮವಸ್ತ್ರ ಕೊಡುತ್ತಾರೆ. ಅದನ್ನು ತೊಡುವ ಮುಂಚೆ "ಬರಲ್ಲ" ಅಂದರೆ ಹೆಸರು ಹೊಡೆದುಹಾಕಬೇಕು, ಹಾಗೆಂದು ಕಾನೂನೇ ಇದೆ. ಅಧಿಕಾರಿಯೇ ನಗುತ್ತಾ ಹೇಳುತ್ತಾರೆ, ಎಲ್ಲರ ಮುಂದೆ. ಇದುವರೆಗೆ ಒಬ್ಬನೂ ಅಂದಿಲ್ಲ. ಅಷ್ಟು ಜನರ ಮುಂದೆ ಯಾವ ಹುಡುಗ ತಾನೇ ಅಂದಾನು?

ನೀನು ಹೇಳಿದರೆ ಕೇಳುತ್ತಾನೇನೋ. ಚಿಕ್ಕವನಿದ್ದಾಗ ನೀನು ಹೇಳಿದರೆ ಮಾತ್ರ ಔಷಧಿ ಕುಡಿಯುತ್ತಿದ್ದ.

ಅಮ್ಮ

*

ಏಪ್ರಿಲ್ 28

ಅಪ್ಪ, ಅಮ್ಮ ಇಬ್ಬರಿಗೂ.

ಇದನ್ನು ಕಲ್ಲಿದ್ದಲು ಲಾರಿಯ ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಹಾಕುವ ಕಾಗದವಲ್ಲ ಇದು. ಓದಿ ಸುಟ್ಟುಬಿಡಿ.

ಅಪ್ಪಾ, ಆ ಹಾಡು ನನ್ನದು.

ಹೋದ ಚಳಿಗಾಲ ದಳಪತಿಗಳ ಕೋಟು ನನ್ನ ಮೇಜಿಗೆ ಬಂತು. ಕಂಕುಳಲ್ಲಿ ಒಂದು ಮಡಿಕೆಯಿಲ್ಲ, ಜೇಬಿನಲ್ಲಿ ಚಿಟಿಕೆ ಧೂಳಿಲ್ಲ. ನನ್ನ ಪಕ್ಕದ ಮೇಜಿನಾಕೆ ಹಿರಿಯಳು, ಮಗ ಗಡಿಯಲ್ಲಿದ್ದ. ಅವಳು ಆ ಕೋಟಿನ ತೋಳು ಮುಟ್ಟಿ ನೋಡಿ, "ಯುದ್ಧ ಮಾಡಿದ ಕೋಟು ಅಂದ್ರೆ ಹೀಗಿರ್ಬೇಕು ನೋಡಮ್ಮ. ನಮ್ ಹುಡುಗ್ರಿಗೆ ಬಟ್ಟೆ ಜೋಪಾನ ಮಾಡೋದೇ ಗೊತ್ತಿಲ್ಲ" ಅಂದಳು. ನಗಲಿಲ್ಲ ಅವಳು. ನಾವು ಉಳಿದ ಹದಿಮೂರು ಜನ ಉಸಿರು ಕಟ್ಟುವಷ್ಟು ನಕ್ಕೆವು. ಹಾಡು ಅಲ್ಲಿಂದ ಹುಟ್ಟಿತು.

ಯುದ್ಧ ಬೇಡ ಎಂದು ಬೀದಿಯಲ್ಲಿ ಹಾಡಿದವನೊಬ್ಬನನ್ನು ಹಾಡು ಮುಗಿಯುವ ಮುಂಚೆಯೇ ಎತ್ತಿಕೊಂಡು ಹೋಗಿದ್ದರು. ಅದಕ್ಕೇ ನಾವು ಹೊಗಳಿದೆವು. ಹೊಗಳಿದವರನ್ನು ಯಾರು ಹಿಡಿಯುತ್ತಾರೆ? ಹೊಗಳಿಕೆಯನ್ನು ಅಳತೆಗಿಂತ ಒಂದು ಬೆರಳು ಹೆಚ್ಚು ಎಳೆದರೆ, ಬಿಗಿಯಾದ ಅಂಗಿಯ ಹಾಗೆ ಅದು ತಾನಾಗಿ ಹರಿಯುತ್ತದೆ. ಆದರೆ ಹರಿದ ಸದ್ದು ಕೇಳಿಸಬೇಕಾದರೆ ಸುತ್ತ ಗದ್ದಲ ಇರಬಾರದು. "ಮೂರು ವರ್ಷ ಕಾದಿ ಬಂದರು" ಅಂದ ಮೇಲೆ ಕೇಳುವವನಿಗೆ ತನ್ನ ಮನೆಯ ಕೋಟು ನೆನಪಾಗಲು ಎರಡು ಎಣಿಕೆ ಬೇಕು. ಅಷ್ಟು ಸಾಕು. ನೀವು ಅಲ್ಲೇ ಡ್ರಮ್ಮು ಬಾರಿಸಿದಿರಿ.

ರೇಡಿಯೋದವನೊಬ್ಬ ಗಾಯಾಳುಗಳನ್ನು ನೋಡಲು ಬಂದವನು, ನಮ್ಮ ಕಿಟಕಿಯ ಹೊರಗೆ ನಿಂತು ಬರೆದುಕೊಂಡು ಹೋದ. ದಡ್ಡನೋ, ಜಾಣನೋ ತಿಳಿಯದು. ಎರಡು ಪದ್ಯ ಭರ್ತಿ ಕಚೇರಿಗೆ ಕೊಟ್ಟು ಮೂರನೆಯದನ್ನು ಬಿಟ್ಟ:

ಒಂದು ಕಾಲು ಹೋದರೇನಯ್ಯ
ಬೆಳ್ಳಿ ಪದಕ ಸಿಗುವುದು
ಎರಡೂ ಹೋದರೆ ಇನ್ನೂ ಒಳಿತು
ಬೂಟಿನ ಕಾಟ ತಪ್ಪುವುದು

ಇದು ಹಾಳೆಯಲ್ಲಿದ್ದಿದ್ದರೆ ನೀವೂ ಮೋಸ ಹೋಗುತ್ತಿರಲಿಲ್ಲ. ನಿಮ್ಮನ್ನು ದೂರಿ ಏನು ಬಂತು! ನಾನು ಕಟ್ಟಿದ ಹಾಡಿಗೆ ನೀವು ಕಾಲು ಕೊಟ್ಟಿರಿ, ಅದು ನಡೆದುಕೊಂಡು ನಮ್ಮ ಮನೆಗೇ ಬಂತು. ತಮ್ಮನಿಗೆ ಈ ಕಾಗದ ತೋರಿಸಿ. ಅವನನ್ನು ತಡೆಯಿರಿ.

ನಿಮ್ಮ ಮಗಳು

*

ಮೇ 4

ಮಗಳೇ,

ಸುಟ್ಟುಬಿಡಿ ಎಂದು ಬರೆದಿದ್ದೀಯ. ನಿನ್ನಮ್ಮ ಕಡ್ಡಿಪೆಟ್ಟಿಗೆ ಕೊಡಲಿಲ್ಲ. ಕಾಗದ ಈಗ ದೊಡ್ಡ ಡ್ರಮ್ಮಿನ ಹೊಟ್ಟೆಯೊಳಗಿದೆ.

ತಮ್ಮನಿಗೆ ತೋರಿಸಿದೆ. ಮೂರು ಸಲ ಓದಿದ. ಮುಖ ಕೆಂಪಾಯಿತು. "ಅಕ್ಕನ ಹಾಡಾ?" ಅಂದ. ಹೌದು ಅಂದೆ.

"ಗೇಲಿಯಾ ಇದು?"

"ಹೌದಪ್ಪ."

"ಹಾಗಾದ್ರೆ ನೀವ್ ಯಾಕೆ ಅಷ್ಟು ಚೆನ್ನಾಗಿ ಬಾರಿಸಿದ್ರಿ?"

ಅವನೇ ಮುಂದುವರಿದ. "ನೋಡಿ ಅಪ್ಪಾ, ನಾನು ಹೆಸರು ಕೊಟ್ಟಿದ್ದು ಹಾಡಿನ ಮಾತಿಗಲ್ಲ. ನೀವು ಕೋಲು ಎತ್ತಿದಾಗ ಇಡೀ ಚೌಕ ಎದೆ ಉಬ್ಬಿಸ್ತಿತ್ತಲ್ಲ, ಅದಕ್ಕೆ. ಇಪ್ಪತ್ತಮೂರು ಜನ ಇದ್ದೀವಿ. ಅವರ ಮುಂದೆ ನಾನೊಬ್ನೇ ಹಿಂದಕ್ಕೆ ಬಂದ್ರೆ ಮೇಷ್ಟ್ರ ಮಗ ಹೇಡಿ ಅಂತಾರೆ. ನನ್ ಮುಖ ಎಲ್ಲಿಡ್ಲಿ?"

ಹೋಗಿ ಬೂಟಿಗೆ ಎಣ್ಣೆ ಹಚ್ಚುತ್ತಾ ಕೂತ.

ಎಂಟನೆಯ ತಾರೀಕು ಸಂಜೆ ಚೌಕದಲ್ಲಿ ಬೀಳ್ಕೊಡುಗೆ. ಭರ್ತಿ ಅಧಿಕಾರಿ ವೇದಿಕೆಯ ಮೇಲೆ ಕೂರುತ್ತಾರೆ. ಈ ಹಾಡನ್ನು ಮೂರು ಸಲ ಬಾರಿಸಬೇಕಂತೆ. ನಾನು ಹುಷಾರಿಲ್ಲ ಎಂದು ಮಲಗಿದರೆ ಗ್ರಾಮಫೋನು ತರುತ್ತಾರೆ. ನಾವು ಬಾರಿಸಿದ್ದನ್ನು ಹೋದ ತಿಂಗಳೇ ತಟ್ಟೆಗೆ ಇಳಿಸಿಕೊಂಡಿದ್ದಾರೆ, ಅದರಲ್ಲೂ ನನ್ನದೇ ಡ್ರಮ್ಮು. ಇದು ಗೇಲಿಯ ಹಾಡು ಎಂದು ನಾನು ನಿಂತು ಕೂಗಿದರೆ ಹುಡುಗರು ಉಳಿದಾರು. ಮರುದಿನವೇ ಕಟ್ಟಿದವರು ಯಾರೆಂದು ಹುಡುಕಿ ನಿಮ್ಮ ಇಸ್ತ್ರಿ ಕೋಣೆಗೆ ಬರುತ್ತಾರೆ. ಒಂದು ಮಗುವನ್ನು ಉಳಿಸಲು ಇನ್ನೊಂದನ್ನು ಬೆರಳು ಮಾಡಿ ತೋರಿಸಬೇಕು. ಬಾಯಿ ಬಿಟ್ಟರೆ ನೀನು, ಬಿಡದಿದ್ದರೆ ಅವನು.

ಒಂದೇ ಒಂದು ವಿಷಯ ಕೇಳುತ್ತೇನೆ. ಡ್ರೈವರಣ್ಣ ಆರನೇ ತಾರೀಕು ಅಲ್ಲಿಂದ ಹೊರಡುತ್ತಾನೆ, ಅವನ ಕೈಯಲ್ಲಿ ಉತ್ತರ ಕೊಡು. ಆ ಖಾಲಿ ಎರಡೇ ಎಣಿಕೆಯೋ? ಬಯಲಲ್ಲಿ ಬಾರಿಸುವಾಗ ಮೂರು ಬಿಟ್ಟರೆ ಹೆಚ್ಚಾಗುತ್ತದೆಯೋ?

ಅಪ್ಪ

*

ಮೇ 6

ಅಪ್ಪಾ,

ಎರಡೇ. ಮೂರಾದರೆ ಯಾರೋ ಮರೆತಿದ್ದಾರೆ ಎಂದುಕೊಳ್ಳುತ್ತಾರೆ.

ಲಾರಿ ಹೊರಟು ನಿಂತಿದೆ, ಅಕ್ಷರ ನೋಡಬೇಡಿ.

ನಿಮ್ಮ ಮಗಳು

*

ಮೇ 9

ಮಗಳೇ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಓದದೆ ಕೊನೆಯ ಪುಟಕ್ಕೆ ಹಾರುತ್ತೀಯ. ನಿನ್ನ ಹೆಸರನ್ನು ಯಾರೂ ಎತ್ತಿಲ್ಲ. ಅಪ್ಪನನ್ನು ನಿನ್ನೆ ಸಂಜೆ ಠಾಣೆಗೆ ಕರೆದುಕೊಂಡು ಹೋದರು, ಇನ್ನೂ ಬಿಟ್ಟಿಲ್ಲ. ಹೊಡೆದಿಲ್ಲ. ಬೆಳಿಗ್ಗೆ ತಿಂಡಿ ತೆಗೆದುಕೊಂಡು ಹೋಗಿದ್ದೆ, ತಿಂದರು.

ನಿನ್ನೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಪ್ಪತ್ತಮೂರು ಹುಡುಗರು ಮುಂದೆ, ಮನೆಯವರು ಹಿಂದೆ. ವೇದಿಕೆಯ ಮೇಲೆ ಅಧಿಕಾರಿ. ಕೋಟು ಎಂಥದ್ದು ಅಂತೀಯ, ನೊಣ ಕೂತರೆ ಜಾರಬೇಕು. ಮೊದಲು ಒಂದೆರಡು ಬೇರೆ ಹಾಡು ಬಾರಿಸಿದರು. ಆಮೇಲೆ ನಿಮ್ಮಪ್ಪ ಕೋಲನ್ನು ಎಷ್ಟು ನಿಧಾನ ಎತ್ತಿದರೆಂದರೆ, ತೋಳು ನೋಯುತ್ತಿದೆಯೇನೋ ಅಂದುಕೊಂಡೆ. ನಿನ್ನ ಹಾಡು ಶುರುವಾಯಿತು, ನೀನು ಇಟ್ಟ ವೇಗದಲ್ಲಿ. ಜೊತೆಗೆ ಹಾಡುತ್ತಿದ್ದ ಜನ ಮುಗ್ಗರಿಸಿದರು. "ಮೂರು ವರ್ಷ ಕಾದಿ ಬಂದರು" ಅಂದ ಕೂಡಲೆ ಅಪ್ಪ ಎಡಗೈ ಅಂಗೈಯನ್ನು ದಪ್ಪಣ್ಣನ ಕಡೆ ತೋರಿಸಿದರು. ಅವನ ಕೈ ಡ್ರಮ್ಮಿನ ಮೇಲೆ ಗೇಣು ದೂರದಲ್ಲಿ ನಿಂತಿತು.

ಒಂದು. ಎರಡು.

ಅಷ್ಟು ಜನ ಇದ್ದ ಕಡೆ ಬಾವುಟದ ಹಗ್ಗ ಕಂಬಕ್ಕೆ ಟಕ್ ಟಕ್ ತಾಗುವುದು ಕೇಳಿಸಿತು ಕಣೇ. ನೋಡುವುದಕ್ಕೆ ಇನ್ನೇನೂ ಇರಲಿಲ್ಲ. ಎಲ್ಲರೂ ಆ ಕೋಟನ್ನು ನೋಡಿದೆವು. ಆಮೇಲೆ "ಸುಕ್ಕಿಲ್ಲವಲ್ಲ ಒಂದಿಂಚು" ಬಂತು.

ಬ್ರೆಡ್ಡಿನ ಅಂಗಡಿಯ ಅಜ್ಜಿ ಗೊತ್ತಲ್ಲ, ಇಬ್ಬರು ಮಕ್ಕಳನ್ನು ಕಳೆದುಕೊಂಡವರು. ಮೂರು ವರ್ಷದಿಂದ ಅವರ ಹಲ್ಲು ಕಂಡವರಿಲ್ಲ. ಅವರು ಸೀನಿದ ಹಾಗೆ ಫಕ್ಕನೆ ನಕ್ಕರು. ಎರಡನೆಯ ಸಲ ಬಂದಾಗ ನಗು ಸಾಲಿನಿಂದ ಸಾಲಿಗೆ ಹರಿಯಿತು. ಜನ ಖುಷಿಯಾಗಿದ್ದಾರೆಂದು ಅಧಿಕಾರಿಯೂ ಮೊದಲು ನಕ್ಕರು. ಮೂರನೆಯ ಸಲ ಆ ಸಾಲಿಗೆ ಸರಿಯಾಗಿ ಎದ್ದು ನಿಂತು ಸಲ್ಯೂಟ್ ಹೊಡೆದರು, ಪಾಪ. ಇಡೀ ಚೌಕ ಹೊಟ್ಟೆ ಹಿಡಿದುಕೊಂಡಿತು. ಹೊಡೆದ ಕೈ ಇಳಿಸುವಷ್ಟರಲ್ಲಿ ಅವರಿಗೆ ಅರ್ಥವಾಗಿತ್ತು.

ನಿನ್ನ ತಮ್ಮ ಮಾತ್ರ ನಗಲಿಲ್ಲ. ಅಪ್ಪನನ್ನೇ ನೋಡುತ್ತಾ ನಿಂತಿದ್ದ.

ನಿನ್ನೆ ಠಾಣೆಯಲ್ಲಿ ಭರ್ತಿ ಅಧಿಕಾರಿ ಅಪ್ಪನನ್ನು ವಿಚಾರಿಸಿದ್ದನ್ನು ನಾನು ಕಿಟಕಿಯ ಹೊರಗಿನಿಂದ ಕೇಳಿಸಿಕೊಂಡೆ.

"ಮೇಷ್ಟ್ರೇ, ನೀವು ಸರ್ಕಾರಿ ಹಾಡನ್ನ ಬದಲಾಯಿಸಿದ್ರಿ."

"ಇಲ್ಲ ಸ್ವಾಮಿ. ಇಷ್ಟು ದಿನ ಬದಲಾಯಿಸಿ ಬಾರಿಸ್ತಿದ್ದೆ, ಅದು ನನ್ನ ತಪ್ಪು. ನಿನ್ನೆ ತೀರ್ಮಾನ ಮಾಡ್ಕೊಂಡೆ, ಇವತ್ತು ಹಾಳೇಲಿ ಇದ್ದ ಹಾಗೇ ಬಾರಿಸಿದೆ. ನೋಡಿ, ನಿಮ್ ಕಚೇರಿ ಮುದ್ರೆ ಇದೆ."

"ಡ್ರಮ್ಮು ಯಾಕೆ ನಿಲ್ಲಿಸಿದ್ರಿ?"

"ಎರಡೆಣಿಕೆ ಖಾಲಿ ಅಂತ ಬರ್ದಿದೆ."

ಅವರು ಹಾಳೆಯನ್ನು ತಿರುವಿ ಮುರುವಿ ನೋಡಿದರು. ಬಾರಿಸಿದ್ದಕ್ಕೆ ಕೇಸು ಹಾಕಬಹುದು, ಬಾರಿಸದೆ ಇದ್ದ ಎರಡೆಣಿಕೆಗೆ ಯಾವ ಕಲಮು ಹಾಕುವುದೆಂದು ಸಿಗಲಿಲ್ಲ. ಕಾನೂನಿನ ಪುಸ್ತಕ ತರಿಸುತ್ತೇವೆ, ಅಲ್ಲಿವರೆಗೆ ಇಲ್ಲೇ ಇರಿ ಅಂದರು. ಕಟ್ಟಿದವರು ಯಾರೆಂದು ಕೇಳಲಿಲ್ಲ. ಹೇಗೆ ಕೇಳುತ್ತಾರೆ? ಹಂಚಿದವರು ಅವರೇ.

ಇವತ್ತು ಬೆಳಿಗ್ಗೆ ಏಳಕ್ಕೆ ಭರ್ತಿ ಕಚೇರಿ. ಹುಡುಗರು ಅಂಗಳದಲ್ಲಿ ಸಾಲಾಗಿ ನಿಂತಿದ್ದರು, ನಾವು ಬೇಲಿಯ ಆಚೆ. ನಿನ್ನೆಯ ಜನರೆಲ್ಲ ಬಂದಿದ್ದರು. ಅಧಿಕಾರಿ ಅದೇ ಕೋಟು ತೊಟ್ಟು ಹೊರಗೆ ಬಂದರು. ಯಾರೂ ಹಾಡಲಿಲ್ಲ, ನಗಲಿಲ್ಲ, ಸುಮ್ಮನೆ ನೋಡಿದೆವು. ಅವರು ತಮ್ಮ ತೋಳು ನೋಡಿಕೊಂಡರು. ಏನೋ ಒರೆಸಿದರು. ಮತ್ತೆ ನೋಡಿಕೊಂಡರು. ಆಮೇಲೆ ಒಳಗೆ ಹೋಗಿ ಕೋಟು ಬಿಚ್ಚಿಟ್ಟು ಬರೀ ಅಂಗಿಯಲ್ಲಿ ಬಂದರು. ಕೋಟಿಲ್ಲದೆ ಅವರು ಯಾರದೋ ಸೋದರಮಾವನ ಹಾಗೆ ಕಂಡರು.

ಹೆಸರು ಕೂಗಿದರು. ಮೊದಲ ನಾಲ್ವರು ಬಟ್ಟೆ ತೆಗೆದುಕೊಂಡರು. ಐದನೆಯವನು ಗಡಿಯಾರ ರಿಪೇರಿಯವರ ಮಗ. ಅವನು ಕೈ ಚಾಚಲಿಲ್ಲ.

"ನಾನ್ ಬರಲ್ಲ ಸಾರ್."

"ಯಾಕಪ್ಪ?"

"ನಿನ್ನೆ ಹಾಡು ಸರಿಯಾಗಿ ಕೇಳಿಸ್ತು ಸಾರ್."

ಆಮೇಲೆ ಇನ್ನೊಬ್ಬ, ಮತ್ತೊಬ್ಬ. ನಿನ್ನ ತಮ್ಮ ಹದಿನೇಳನೆಯವನು. ಅಧಿಕಾರಿ ಅವನ ಕಡೆ ಬಾಗಿ ಮೆಲ್ಲಗೆ ಹೇಳಿದರು, ಆದರೂ ಬೇಲಿಯ ತನಕ ಕೇಳಿಸಿತು. "ನೀನು ಈ ಬಟ್ಟೆ ತೊಟ್ಕೋ, ನಿಮ್ಮಪ್ಪ ಮಧ್ಯಾಹ್ನದ ಊಟಕ್ಕೆ ಮನೇಲಿರ್ತಾರೆ."

ಅವನು ನನ್ನ ಕಡೆ ತಿರುಗಿದ. ನಾನು ಏನು ಮಾಡಲಿ ಹೇಳು? ಹೌದು ಅಂದರೂ ಒಂದು ಹೋಗುತ್ತದೆ, ಇಲ್ಲ ಅಂದರೂ ಒಂದು ಹೋಗುತ್ತದೆ. ಬೇಲಿಯ ತಂತಿ ಹಿಡಿದುಕೊಂಡು ನಿಂತೆ. ಅವನು ಆ ಬಟ್ಟೆಯ ಮಡಿಕೆಯ ಮೇಲೆ ಬೆರಳಾಡಿಸಿದ. ತೊಟ್ಟೇಬಿಟ್ಟ ಅಂದುಕೊಂಡೆ.

"ನಮ್ಮಪ್ಪ ಬರೋವಾಗ ಬರ್ಲಿ ಸಾರ್. ನನ್ ಹೆಸರು ಹೊಡೀರಿ" ಅಂದ.

ಹತ್ತು ಜನ ಉಳಿದರು. ಹದಿಮೂರು ಜನ ಹೋದರು. ಅವರನ್ನು ನೋಡಿ ಯಾರೂ ನಗಲಿಲ್ಲ. ಬೇಲಿಯ ಆಚೆ ಇದ್ದವರೆಲ್ಲ ರೈಲಿನ ತನಕ ಅವರ ಜೊತೆಗೇ ನಡೆದೆವು. ಬ್ರೆಡ್ಡಿನ ಅಜ್ಜಿ ಅವರ ಹೊಸ ಜೇಬುಗಳಿಗೆ ಬನ್ನು ತುರುಕಿದರು. ತಮ್ಮ ಒಬ್ಬನ ಟ್ರಂಕು ಹೊತ್ತುಕೊಂಡು ಹೋಗಿ ರೈಲು ಡಬ್ಬಿಯೊಳಗಿಟ್ಟು ಬಂದ.

ರೈಲು ಹೋದ ಮೇಲೆ ಒಬ್ಬರೂ ಮನೆಯ ದಾರಿ ಹಿಡಿಯಲಿಲ್ಲ. ಯಾರು ಮೊದಲು ತಿರುಗಿದರೋ ಗೊತ್ತಿಲ್ಲ, ಎಲ್ಲರೂ ಠಾಣೆಗೆ ಬಂದೆವು. ಡ್ರೈವರಣ್ಣನ ಕೈಗೆ ಕೊಡಬೇಕಾದ ಈ ಕಾಗದವನ್ನು ನಾನು ಅದರ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನ ತಮ್ಮ ಒಳಗಿದ್ದಾನೆ. "ಮೇಷ್ಟ್ರು ಬರೀ ಬಾರಿಸಿದ್ರು, ಹಾಡಿದ್ದು ನಾವು. ಸುಮ್ನಿದ್ದದ್ದೂ ನಾವೇ. ನಮ್ಮನ್ನೂ ಬರ್ಕೊಳ್ಳಿ" ಅನ್ನುತ್ತಿದ್ದಾನೆ. ಅವನ ಹಿಂದೆ ಅಜ್ಜಿ, ಅವರ ಹಿಂದೆ ದಪ್ಪಣ್ಣ, ಅವನ ಹಿಂದೆ ಸಾಲು ಬೀದಿಯ ತಿರುವಿನ ತನಕ ಇದೆ. ಬರೆದುಕೊಳ್ಳುವ ಪೊಲೀಸಪ್ಪನ ಹಾಳೆ ಮುಗಿದು, ಹೊಸ ಕಟ್ಟು ತರಲು ಸೈಕಲ್ ಹತ್ತಿ ಹೋಗಿದ್ದಾನೆ.

ಅಮ್ಮ